ಮಧುಮೇಹವೂ ಪ್ರಸಾದದ ಮಿತಿಯೂ

(ಶ್ರೀಮಠದ ಮಹೋತ್ಸವ ಸಂದರ್ಭದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನನಗಿಂತ ಮೊದಲು ಮಾತನಾಡಿದ ಪಂಡಿತೋತ್ತಮರು ಷಟ್‌ಸ್ಥಲವನ್ನೂ ಶಿವಯೋಗವನ್ನೂ ಕುರಿತು ಉಪನ್ಯಸಿಸಿರುವರು. ಅಂಥ ಉನ್ನತ ವಿಷಯಗಳ ನಡುವೆ ಒಂದು ರೋಗದ ಮಾತನ್ನು ತರುವುದು ಪಾಯಸದಲ್ಲಿ ಬೇವಿನೆಲೆ ಹಾಕಿದಂತೆ ಕೆಲವರಿಗೆ ತೋರಬಹುದು. ಆದರೆ ಯುಗಾದಿಯ ದಿನ ಬೇವನ್ನೂ ಸ್ವೀಕರಿಸುವ ನಾಡಿನವರಾದ ನಾವು ಇದನ್ನು ಸಹಿಸಬಲ್ಲೆವೆಂದು ನಂಬಿದ್ದೇನೆ. ಅಂಗದ ಮೇಲೆ ಲಿಂಗವನ್ನು ಧರಿಸಿದವರಿಗೆ ಆ ಅಂಗದ ಕ್ಷೇಮವು ಅನ್ಯವಿಷಯವೆಂದು ಹೇಳಬರುವಂತಿಲ್ಲ.

ನಾನು ವೈದ್ಯನಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೂ ಆಗಮಗಳನ್ನೂ ಓದಿ, ಅವುಗಳೊಡನೆ ಗುರುಕೃಪೆಯಿಂದ ಆಯುರ್ವೇದದ ಸಂಹಿತೆಗಳನ್ನು ಅಷ್ಟಿಷ್ಟು ಅಭ್ಯಾಸಮಾಡಿದವನು. ರೋಗಿಯ ನಾಡಿ ಹಿಡಿದು ಔಷಧ ಹೇಳುವ ಅಧಿಕಾರ ನನಗಿಲ್ಲ. ಈ ಮಾತುಗಳನ್ನು ಕೇಳಿ ಯಾರೂ ತಮ್ಮ ಮಾತ್ರೆಯನ್ನಾಗಲಿ ಸೂಜಿಮದ್ದನ್ನಾಗಲಿ ತಮ್ಮಷ್ಟಕ್ಕೆ ಬದಲಿಸಬಾರದೆಂದು ಮೊದಲೇ ಬಿನ್ನವಿಸಿಕೊಳ್ಳುತ್ತೇನೆ. ನಾನು ಹೇಳಬೇಕಾದುದು ಶಾಸ್ತ್ರವು ಏನನ್ನುತ್ತದೆ, ಇಂದಿನ ವೈದ್ಯವು ಏನನ್ನು ಕಂಡುಹಿಡಿದಿದೆ, ಇವೆರಡರ ನಡುವೆ ನಮ್ಮ ಈ ದಾಸೋಹಮಂದಿರವು ಏನು ಮಾಡಬೇಕು ಎಂಬಷ್ಟೆ.

ಮಧುಮೇಹವು ಈಗ ಸಿರಿವಂತರ ರೋಗವಾಗಿ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಆಶ್ರಯದಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಪರೀಕ್ಷಿಸಿ ೨೦೨೩ರಲ್ಲಿ ಪ್ರಕಟಿಸಿದ ವರದಿಯಂತೆ, ವಯಸ್ಕರಲ್ಲಿ ನೂರಕ್ಕೆ ೧೧ಕ್ಕಿಂತ ಹೆಚ್ಚು ಮಂದಿಗೆ ಈ ರೋಗವಿದೆ. ಒಟ್ಟು ಸಂಖ್ಯೆ ಸುಮಾರು ೧೦ ಕೋಟಿ. ಇದಕ್ಕಿಂತಲೂ ವಿಚಾರಮಾಡತಕ್ಕ ಸಂಗತಿಯೆಂದರೆ, ರೋಗದ ಹೊಸ್ತಿಲಲ್ಲಿ ನಿಂತಿರುವವರು, ಎಂದರೆ ರಕ್ತದ ಸಕ್ಕರೆ ಏರಿದ್ದರೂ ಇನ್ನೂ ಮಧುಮೇಹವೆನಿಸದವರು, ೧೩ ಕೋಟಿಗೂ ಮಿಕ್ಕಿದ್ದಾರೆ. ಹೊಸ್ತಿಲಲ್ಲಿರುವವನನ್ನು ಹಿಂದಕ್ಕೆ ಕರೆಯಬಹುದು. ನನ್ನ ಇಂದಿನ ಮಾತು ಮುಖ್ಯವಾಗಿ ಅವರಿಗಾಗಿ.

ನಮ್ಮ ಪ್ರಾಚೀನ ಭಿಷಗ್ವರರು ಈ ವ್ಯಾಧಿಯನ್ನು ಚೆನ್ನಾಗಿ ಕಂಡಿದ್ದರು. ಪ್ರಮೇಹವೆಂಬ ಸಾಮಾನ್ಯನಾಮದ ಕೆಳಗೆ ಇಪ್ಪತ್ತು ಭೇದಗಳನ್ನು ಎಣಿಸಿ, ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು ಎಂದು ವಿಂಗಡಿಸಿ, ವಾತಜಗಳಲ್ಲಿ ಮಧುಮೇಹವನ್ನು ಇಟ್ಟರು. ಉಳಿದ ಮೇಹಗಳನ್ನು ಉಪೇಕ್ಷಿಸಿದರೆ ಅವೆಲ್ಲವೂ ಕಾಲಕ್ರಮದಲ್ಲಿ ಮಧುಮೇಹವಾಗಿ ಪರಿಣಮಿಸುವವೆಂದು ಸುಶ್ರುತಾಚಾರ್ಯರು ಎಚ್ಚರಿಸಿರುವರು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆಯು ರೋಗದ ಪೂರ್ವಲಕ್ಷಣಗಳಲ್ಲಿ ಹೇಳಿದೆ. ಪಾಶ್ಚಾತ್ಯರಲ್ಲಿ ಮೂತ್ರದ ಸಿಹಿಯನ್ನು ಸ್ಪಷ್ಟವಾಗಿ ಬರೆದಿಟ್ಟವನು ಹದಿನೇಳನೆಯ ಶತಮಾನದ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ. ಆ ಸಿಹಿಯು ಸಕ್ಕರೆಯೇ ಎಂದು ಮೂತ್ರವನ್ನು ಇಂಗಿಸಿ ತೋರಿಸಿದವನು ೧೭೭೬ರಲ್ಲಿ ಮ್ಯಾಥ್ಯೂ ಡಾಬ್ಸನ್.

ಇನ್ನು ನಿದಾನ. ಕೂತಲ್ಲಿಂದ ಏಳದ ಸುಖ, ನಿದ್ದೆಯ ಸುಖ, ಮೊಸರು, ಹಾಲಿನ ಭಕ್ಷ್ಯಗಳು, ಹೊಸ ಧಾನ್ಯ, ಬೆಲ್ಲದ ವಿಕಾರಗಳು ಇವೇ ಪ್ರಮೇಹಕ್ಕೆ ಹೇತುವೆಂದು ಚರಕಾಚಾರ್ಯರ ಅಭಿಪ್ರಾಯ. ಪಟ್ಟಿಯಲ್ಲಿ ಆಹಾರಕ್ಕಿಂತ ಮುಂಚೆ ಆಸನಸುಖವನ್ನೂ ಶಯನಸುಖವನ್ನೂ ಹೇಳಿರುವುದನ್ನು ಲಕ್ಷಿಸಬೇಕು. ಸಕ್ಕರೆ ತಿಂದುದರಿಂದ ಸಕ್ಕರೆರೋಗ ಬಂತೆಂದು ಲೋಕದಲ್ಲಿ ಹೇಳುವುದುಂಟು. ಶಾಸ್ತ್ರವು ಅಷ್ಟು ಸರಳವಾಗಿ ಹೇಳಲಿಲ್ಲ; ಇಂದಿನ ವೈದ್ಯವೂ ಹೇಳುವುದಿಲ್ಲ. ಉಣ್ಣುವುದಕ್ಕೂ ದುಡಿಯುವುದಕ್ಕೂ ಇರಬೇಕಾದ ಹೊಂದಿಕೆ ತಪ್ಪಿದಾಗ ರೋಗಕ್ಕೆ ಎಡೆಯಾಗುತ್ತದೆಂಬುದು ಇಬ್ಬರಿಗೂ ಸಮ್ಮತವಾದ ಮಾತು.

ಸುಶ್ರುತರು ಮತ್ತೊಂದು ಭೇದವನ್ನು ಹೇಳುತ್ತಾರೆ: ಹುಟ್ಟಿನಿಂದ ಬರತಕ್ಕ ಸಹಜ ಪ್ರಮೇಹವೊಂದು, ಅಪಥ್ಯದಿಂದ ಬರತಕ್ಕದ್ದು ಇನ್ನೊಂದು. ಮೊದಲನೆಯದರಲ್ಲಿ ರೋಗಿ ಕೃಶನು, ಬಾಯಾರಿದವನು. ಎರಡನೆಯದರಲ್ಲಿ ಸ್ಥೂಲನು, ಬಹಳ ಉಣ್ಣುವವನು, ಹಾಸಿಗೆಯನ್ನು ಬಿಡದವನು. ಇದನ್ನು ಓದಿ ಕೆಲವರು ಇಂದಿನ ಒಂದನೆಯ ಬಗೆ, ಎರಡನೆಯ ಬಗೆ ಎಂಬ ವಿಭಾಗವನ್ನೇ ನಮ್ಮವರು ಎರಡು ಸಾವಿರ ವರ್ಷಗಳ ಹಿಂದೆ ಮಾಡಿದ್ದರೆಂದು ಸಾರುವುದುಂಟು. ಸಾಮ್ಯವಿದೆ, ನಿಜ, ಆದರೆ ಅಷ್ಟು ದೂರ ಹೋಗುವುದು ತರವಲ್ಲ. ಎರಡನೆಯ ಬಗೆಯ ಮಧುಮೇಹವೂ ವಂಶದಲ್ಲಿ ಹರಿದುಬರುತ್ತದೆ, ತೆಳ್ಳಗಿರುವವರಿಗೂ ಬರುತ್ತದೆ. ಬೀಜದೋಷದಿಂದ ಬಂದದ್ದು ಅಸಾಧ್ಯವೆಂದು ಚರಕರು ಕೈಚೆಲ್ಲಿದ್ದರು. ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ ಎಂಬ ಸ್ರಾವವನ್ನು ಬೇರ್ಪಡಿಸಿ, ಮರುವರ್ಷದ ಜನವರಿಯಲ್ಲಿ ಸಾವಿನಂಚಿನಲ್ಲಿದ್ದ ೧೪ ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚಿದ ಮೇಲೆ ಆ ಅಸಾಧ್ಯವು ಸಾಧ್ಯವಾಯಿತು. ಪೂರ್ವಿಕರ ಮೇಲಿನ ಗೌರವವು ಇದನ್ನು ಒಪ್ಪಿಕೊಳ್ಳುವುದರಿಂದ ಕಡಿಮೆಯಾಗುವುದಿಲ್ಲ.

ಆದರೆ ಚಿಕಿತ್ಸೆಯ ವಿಷಯದಲ್ಲಿ ಸುಶ್ರುತರು ಹೇಳಿದ ಒಂದು ಪ್ರಸಂಗವಿದೆ. ಅದನ್ನು ಈ ಸಭೆಯಲ್ಲಿ ಹೇಳದಿರಲಾರೆ. ಹಣವಿಲ್ಲದ, ಬಂಧುಗಳಿಲ್ಲದ ಪ್ರಮೇಹಿಯು ಏನು ಮಾಡಬೇಕು? ಕಾಲಿಗೆ ಕೆರವಿಲ್ಲದೆ, ತಲೆಯ ಮೇಲೆ ಕೊಡೆಯಿಲ್ಲದೆ, ಭಿಕ್ಷಾನ್ನವನ್ನು ಉಣ್ಣುತ್ತ, ಒಂದು ಊರಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಮನಸ್ಸನ್ನು ಬಿಗಿಹಿಡಿದು ನೂರು ಯೋಜನ ನಡೆಯಬೇಕು. ಯೋಜನದ ಅಳತೆಯಲ್ಲಿ ವಿದ್ವಾಂಸರಿಗೆ ಏಕಮತವಿಲ್ಲದಿದ್ದರೂ, ಎಷ್ಟು ಕಡಿಮೆ ಹಿಡಿದರೂ ಅದು ನೂರಾರು ಮೈಲಿಯಾಗುತ್ತದೆ. ಮಹಾಧನಿಕನಾದರೋ ಶ್ಯಾಮಾಕ, ನೀವಾರಗಳೆಂಬ ಕಿರುಧಾನ್ಯ ಕಾಡುಧಾನ್ಯಗಳನ್ನೂ, ನೆಲ್ಲಿ, ಬೇಲದ ಹಣ್ಣುಗಳನ್ನೂ ತಿಂದು ಮೃಗಗಳೊಡನೆ ಅಡವಿಯಲ್ಲಿ ವಾಸಿಸಬೇಕು. ದನಗಳ ಬೆನ್ನುಹತ್ತಿ ತಿರುಗಬೇಕು. ಬೇರೆಯವರು ನೇಗಿಲು ಹಿಡಿದು ಉಳಬೇಕು, ಇಲ್ಲವೆ ಬಾವಿ ತೋಡಬೇಕು.

ಈ ವಿಧಿಯನ್ನು ಓದಿದಾಗಲೆಲ್ಲ ನನಗೆ ನಮ್ಮ ಚರಜಂಗಮರ ನೆನಪಾಗುತ್ತದೆ. ಊರಿಂದೂರಿಗೆ ನಡೆದು, ಭಿಕ್ಷೆಯನ್ನು ಸ್ವೀಕರಿಸಿ, ಬೋಧಿಸಿ ಮುಂದಕ್ಕೆ ಸಾಗುವುದು ಅವರ ಧರ್ಮವಾಗಿತ್ತು. ಸುಶ್ರುತರು ರೋಗಿಗೆ ಔಷಧವಾಗಿ ಹೇಳಿದ್ದನ್ನು ಅವರು ವ್ರತವಾಗಿ ನಡೆಸಿದರು. ಈಗಿನ ಚರಮೂರ್ತಿಗಳು ಮೋಟಾರಿನಲ್ಲಿ ಬಿಜಯಮಾಡಿಸುತ್ತಾರೆ; ಒಂದೇ ದಿನ ನಾಲ್ಕು ಮನೆಗಳಲ್ಲಿ ಪಾದಪೂಜೆ, ನಾಲ್ಕು ಮನೆಗಳಲ್ಲಿ ಹೋಳಿಗೆ ತುಪ್ಪ. ಒಲ್ಲೆನೆಂದರೆ ಭಕ್ತನ ಮನಸ್ಸು ನೋಯುತ್ತದೆ. ಹೂಂ ಎಂದರೆ ದೇಹ ನೋಯುತ್ತದೆ. ವೇದಿಕೆಯ ಮೇಲಿರುವ ಪೂಜ್ಯರು ಕ್ಷಮಿಸಬೇಕು. ನಾಡಿನ ಮಠಗಳಲ್ಲಿ ಈ ರೋಗವು ವಿರಳವಲ್ಲವೆಂಬುದು ಎಲ್ಲರೂ ಬಲ್ಲ ಮಾತಾದುದರಿಂದ ಧೈರ್ಯಮಾಡಿ ಹೇಳಿದೆನು.

ಈಗ ರೋಗದ ಒಳಗಿನ ವ್ಯವಹಾರವನ್ನು ತುಸು ನೋಡೋಣ. ಉಂಡ ಅನ್ನ, ರೊಟ್ಟಿ, ಹಣ್ಣುಗಳೆಲ್ಲ ಜೀರ್ಣವಾಗಿ ಸಕ್ಕರೆಯ ರೂಪದಿಂದ ರಕ್ತವನ್ನು ಸೇರುತ್ತವೆ. ಜಠರದ ಹಿಂಬದಿಯಲ್ಲಿ ಮೇದೋಜೀರಕವೆಂಬ ಗ್ರಂಥಿಯಿದೆ. ೧೮೮೯ರಲ್ಲಿ ಮಿಂಕೋವ್‌ಸ್ಕಿ, ಫಾನ್ ಮೇರಿಂಗ್ ಎಂಬ ಇಬ್ಬರು ವಿದ್ವಾಂಸರು ನಾಯಿಯ ದೇಹದಿಂದ ಈ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂದುದರಿಂದ ರೋಗದ ಬೇರು ಎಲ್ಲಿದೆಯೆಂಬುದು ಲೋಕಕ್ಕೆ ತಿಳಿಯಿತು. ಈ ಗ್ರಂಥಿಯೇ ಇನ್ಸುಲಿನ್ನನ್ನು ಸ್ರವಿಸುತ್ತದೆ. ಅದರ ಆಜ್ಞೆಯಂತೆ ಸ್ನಾಯುಗಳು ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಯಕೃತ್ತು ತಾನು ಸಕ್ಕರೆಯನ್ನು ಹೊರಬಿಡುವುದನ್ನು ನಿಲ್ಲಿಸುತ್ತದೆ.

ಸುಗ್ಗಿಯ ಕಾಲದಲ್ಲಿ ಮಠಕ್ಕೆ ಜೋಳದ ಬಂಡಿಗಳು ಬರುವುದನ್ನು ನೀವೆಲ್ಲ ಕಂಡಿದ್ದೀರಿ. ಪಾರುಪತ್ಯಗಾರನು ನಿಂತು, ಇಷ್ಟು ಚೀಲ ಉಗ್ರಾಣಕ್ಕೆ, ಇಷ್ಟು ಹಗೇವಿಗೆ ಎಂದು ಹೇಳುತ್ತಾನೆ. ಆಳುಗಳು ಹೊತ್ತು ಸುರಿಯುತ್ತಾರೆ. ದಾಸೋಹದಲ್ಲಿ ದಿನವೂ ಕಾಳು ಖರ್ಚಾಗುತ್ತಿದ್ದರೆ ಹಗೇವಿನಲ್ಲಿ ಸ್ಥಳವಿರುತ್ತದೆ. ಖರ್ಚಿಲ್ಲದೆ ಬಂಡಿಗಳು ಮಾತ್ರ ಬರುತ್ತಲೇ ಇದ್ದರೆ? ಹಗೇವು ತುಂಬುತ್ತದೆ, ಉಗ್ರಾಣ ತುಂಬುತ್ತದೆ, ಚೀಲಗಳು ಬೀದಿಯಲ್ಲಿ ಬೀಳುತ್ತವೆ. ಪಾರುಪತ್ಯಗಾರನು ಮೊದಮೊದಲು ಗಂಟಲು ಹರಿಯುವಂತೆ ಕೂಗಿ ಹೇಗೋ ತುಂಬಿಸುತ್ತಾನೆ. ಕಡೆಗೆ ಅವನ ಸ್ವರವೇ ಉಡುಗಿಹೋಗುತ್ತದೆ. ಎರಡನೆಯ ಬಗೆಯ ಮಧುಮೇಹದ ಕಥೆಯು ಇದೇ. ಸ್ನಾಯುಗಳು ದುಡಿಯದೆ, ಯಕೃತ್ತಿನಲ್ಲಿಯೂ ಹೊಟ್ಟೆಯ ಒಳಭಾಗದಲ್ಲಿಯೂ ಕೊಬ್ಬು ಸೇರಿ, ಇನ್ಸುಲಿನ್ನಿನ ಮಾತು ನಡೆಯದಂತಾಗುತ್ತದೆ. ಗ್ರಂಥಿಯು ಬಹುಕಾಲ ಹೆಚ್ಚುಹೆಚ್ಚು ಸ್ರವಿಸಿ ಸರಿದೂಗಿಸುತ್ತದೆ, ಆಮೇಲೆ ಬಳಲುತ್ತದೆ. ಇನ್ಸುಲಿನ್ ಇಲ್ಲದಿರುವುದು ಒಂದು ರೋಗ, ಇದ್ದೂ ಅದರ ಮಾತು ನಡೆಯದಿರುವುದು ಮತ್ತೊಂದು ರೋಗವೆಂಬ ಭೇದವನ್ನು ೧೯೩೬ರಲ್ಲಿ ಹಿಮ್ಸ್‌ವರ್ತ್ ಎಂಬ ಆಂಗ್ಲ ವೈದ್ಯನು ಪರೀಕ್ಷೆಯಿಂದ ತೋರಿಸಿದನು.

ಇಲ್ಲಿ ಒಂದು ಆಶಾದಾಯಕವಾದ ಸಂಗತಿಯಿದೆ. ದುಡಿಯುತ್ತಿರುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಬಲ್ಲುದು. ದುಡಿದ ಮೇಲೆ ಕೆಲವು ತಾಸುಗಳವರೆಗೆ, ಒಮ್ಮೊಮ್ಮೆ ಒಂದೆರಡು ದಿನಗಳವರೆಗೆ, ಇನ್ಸುಲಿನ್ನಿನ ಮಾತನ್ನೂ ಚೆನ್ನಾಗಿ ಕೇಳುತ್ತದೆ. ಸುಶ್ರುತರ ಬಾವಿ ತೋಡುವ ವಿಧಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಟೀಕೆಯಲ್ಲಿಯೂ ಓದಿಲ್ಲ.

ನಮ್ಮ ದೇಶದವರಿಗೆ ಈ ರೋಗವು ಬೇಗ ಅಂಟಿಕೊಳ್ಳುವುದಕ್ಕೆ ವಿಶೇಷ ಕಾರಣವೂ ಉಂಟು. ನೋಡುವುದಕ್ಕೆ ತೆಳ್ಳಗಿದ್ದರೂ ನಮ್ಮವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಪುಣೆಯ ಡಾಕ್ಟರ್ ಚಿತ್ತರಂಜನ ಯಾಜ್ಞಿಕರು ತಮ್ಮ ಕಡೆಯ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿ ನೋಡಿದರು. ಇಲ್ಲಿಯ ಕೂಸುಗಳ ತೂಕ ಸರಾಸರಿ ೨.೭ ಕಿಲೋ, ಅಲ್ಲಿಯವುಗಳದು ೩.೫ ಕಿಲೋ. ತೂಕದಲ್ಲಿ ಇಷ್ಟು ಕಡಿಮೆಯಿದ್ದರೂ ಚರ್ಮದ ಕೆಳಗಿನ ಕೊಬ್ಬಿನಲ್ಲಿ ನಮ್ಮ ಕೂಸುಗಳು ಆ ಮಾನಕ್ಕೆ ಹಿಂದಾಗಿರಲಿಲ್ಲ; ಸ್ನಾಯುವಿನಲ್ಲಿ ಹಿಂದಾಗಿದ್ದವು. ಗರ್ಭಿಣಿಯಾದ ತಾಯಿಗೆ ತಕ್ಕ ಪೋಷಣೆ ದೊರೆಯದಿದ್ದರೆ ಅದರ ಸಾಲವನ್ನು ಮಗುವು ನಲವತ್ತನೆಯ ವಯಸ್ಸಿನಲ್ಲಿ ತೀರಿಸಬೇಕಾದೀತು. ಸೊಸೆಗೆ ಕಡೆಯ ಪಂಕ್ತಿಯಲ್ಲಿ ಉಳಿದುದನ್ನು ಬಡಿಸುವ ಮನೆಗಳ ಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಆದಕಾರಣ ತಕ್ಕಡಿಗಿಂತ ದಾರವೇ ನಮಗೆ ಹೆಚ್ಚು ಸತ್ಯವನ್ನು ಹೇಳುತ್ತದೆ. ಸೊಂಟದ ಸುತ್ತಳತೆಯು ಗಂಡಸರಲ್ಲಿ ೯೦ ಸೆಂಟಿಮೀಟರು, ಹೆಂಗಸರಲ್ಲಿ ೮೦ ಸೆಂಟಿಮೀಟರು ಮೀರಿದರೆ ಎಚ್ಚರವಾಗತಕ್ಕದ್ದು. ಕೊರಳ ಹಿಂಬದಿಯಲ್ಲಿ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪನಾದ ಕಪ್ಪು ಪಟ್ಟೆ ಮೂಡಿದ್ದರೆ ಅದು ಬರಿಯ ಕೊಳೆಯಲ್ಲ. ಇನ್ಸುಲಿನ್ನಿನ ಮಾತು ನಡೆಯುತ್ತಿಲ್ಲವೆಂಬ ಸೂಚನೆಯಾಗಿರಬಹುದು. ತಂದೆತಾಯಿಗಳಿಗೆ ರೋಗವಿದ್ದವರು, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರು, ಮೂವತ್ತು ದಾಟಿದವರೆಲ್ಲರು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸರಕಾರದ ಆರೋಗ್ಯಕೇಂದ್ರಗಳಲ್ಲಿ ಇದಕ್ಕೆ ಏರ್ಪಾಡಿದೆ. ಬಾಯಾರಿಕೆ, ಅತಿಮೂತ್ರ, ಮಾಯದ ಹುಣ್ಣು, ಕಾರಣವಿಲ್ಲದೆ ಸೊರಗುವುದು ಇವು ಕಾಣಿಸಿಕೊಳ್ಳುವವರೆಗೆ ಕಾಯಬಾರದು. ಅನೇಕರಲ್ಲಿ ರೋಗವು ವರ್ಷಗಟ್ಟಲೆ ಒಂದು ಚಿಹ್ನೆಯನ್ನೂ ತೋರದೆ ಕಣ್ಣು, ಮೂತ್ರಪಿಂಡ, ನರ, ಹೃದಯಗಳನ್ನು ಸವೆಸುತ್ತಿರುತ್ತದೆ. ಬರಿಯ ಹೊಟ್ಟೆಯಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ೧೨೬ ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ಸಕ್ಕರೆಯಿದ್ದರೆ ಮಧುಮೇಹ. ೧೦೦ರಿಂದ ೧೨೫ರವರೆಗೆ ಹೊಸ್ತಿಲು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ೧ಸಿ ಎಂಬ ಪರೀಕ್ಷೆಯಲ್ಲಿ ೬.೫ ಮತ್ತು ಮೇಲ್ಪಟ್ಟರೆ ಮಧುಮೇಹ, ೫.೭ರಿಂದ ೬.೪ರವರೆಗೆ ಹೊಸ್ತಿಲು. ಯಾವ ಚಿಹ್ನೆಯೂ ಇಲ್ಲದವರಲ್ಲಿ ಒಂದೇ ಪರೀಕ್ಷೆಯಿಂದ ತೀರ್ಮಾನಿಸದೆ ಮತ್ತೊಮ್ಮೆ ನೋಡುವುದು ವೈದ್ಯರ ಕ್ರಮ.

ಹೊಸ್ತಿಲಿನಿಂದ ಹಿಂದಿರುಗಬಹುದೆಂದು ನಾನು ಹೇಳಿದ್ದು ಬರಿಯ ಸಮಾಧಾನದ ಮಾತಲ್ಲ. ಚೀನಾ ದೇಶದ ದಾಚಿಂಗ್ ಎಂಬ ಪಟ್ಟಣದಲ್ಲಿ ೧೯೮೬ರಲ್ಲಿ ಹೊಸ್ತಿಲಲ್ಲಿದ್ದ ೫೭೭ ಜನರನ್ನು ಆರಿಸಿ, ಕೆಲವರಿಗೆ ಊಟದ ನಿಯಮ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡನ್ನೂ ಕಲಿಸಿ, ಉಳಿದವರನ್ನು ಇದ್ದಂತೆ ಬಿಟ್ಟರು. ಆರು ವರ್ಷಗಳಾದ ಮೇಲೆ ಇದ್ದಂತೆ ಬಿಟ್ಟವರಲ್ಲಿ ನೂರಕ್ಕೆ ಸುಮಾರು ೬೮ ಮಂದಿಗೆ ಮಧುಮೇಹ ಬಂದಿತ್ತು. ನಿಯಮ ಹಿಡಿದವರಲ್ಲಿ ೪೧ರಿಂದ ೪೬ ಮಂದಿಗೆ ಮಾತ್ರ. ಮೂವತ್ತು ವರ್ಷಗಳ ತರುವಾಯ ಅದೇ ಜನರನ್ನು ವಿಚಾರಿಸಿದಾಗ, ನಿಯಮ ಹಿಡಿದವರಲ್ಲಿ ರೋಗವು ಸರಾಸರಿ ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದ್ರೋಗವೂ ಮರಣವೂ ಕಡಿಮೆಯಾಗಿದ್ದವು. ಅಮೇರಿಕೆಯಲ್ಲಿ ಮೂರು ಸಾವಿರಕ್ಕೂ ಮಿಕ್ಕ ಜನರ ಮೇಲೆ ನಡೆಸಿ ೨೦೦೨ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತೂಕವನ್ನು ನೂರಕ್ಕೆ ಏಳರಷ್ಟು ಇಳಿಸಿ ವಾರಕ್ಕೆ ೧೫೦ ನಿಮಿಷ ನಡೆಯುವ ಗುರಿ ಹಿಡಿದವರಲ್ಲಿ ರೋಗವು ನೂರಕ್ಕೆ ೫೮ರಷ್ಟು ತಗ್ಗಿತು. ಮೆಟ್‌ಫಾರ್ಮಿನ್ ಎಂಬ ಮಾತ್ರೆ ನುಂಗಿದವರಲ್ಲಿ ೩೧ರಷ್ಟು.

ನಮ್ಮ ನೆರೆಯ ಚೆನ್ನೈಯಲ್ಲಿ ಡಾಕ್ಟರ್ ರಾಮಚಂದ್ರನ್ ಅವರು ೫೩೧ ಜನರಲ್ಲಿ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪರೀಕ್ಷೆಯ ಫಲ ಇಷ್ಟು ಉಜ್ವಲವಲ್ಲ. ಏನೂ ಮಾಡದವರಲ್ಲಿ ಸುಮಾರು ಮೂರೇ ವರ್ಷಗಳಲ್ಲಿ ನೂರಕ್ಕೆ ೫೫ ಮಂದಿ ರೋಗಿಗಳಾದರು. ಊಟ ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ಅದು ೩೯ಕ್ಕೆ ಇಳಿಯಿತು. ಮಾತ್ರೆಯನ್ನು ಕೂಡಿಸಿದರೂ ಹೆಚ್ಚಿನ ಲಾಭವಾಗಲಿಲ್ಲ. ನಮ್ಮವರಲ್ಲಿ ರೋಗದ ವೇಗ ಹೆಚ್ಚು, ತಡೆಯ ಬಲ ಕಡಿಮೆ ಎಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಬೇಗ ಆರಂಭಿಸಬೇಕೆಂಬುದಕ್ಕೆ ಅದೇ ಕಾರಣ. ರೋಗವು ಬಂದ ಮೇಲೂ, ಮೊದಲ ಕೆಲವು ವರ್ಷಗಳಲ್ಲಿ ತೂಕವನ್ನು ಚೆನ್ನಾಗಿ ಇಳಿಸಿದರೆ ಕೆಲವರಲ್ಲಿ ಅದು ಹಿಂಜರಿಯುತ್ತದೆ. ಬ್ರಿಟನ್ನಿನಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿ ಬಹು ಮಿತವಾದ ಆಹಾರ ತೆಗೆದುಕೊಂಡವರಲ್ಲಿ ಒಂದು ವರ್ಷದ ಮೇಲೆ ನೂರಕ್ಕೆ ೪೬ ಮಂದಿ ಮಾತ್ರೆಯಿಲ್ಲದೆಯೇ ಮಧುಮೇಹದ ಮಟ್ಟದಿಂದ ಕೆಳಗಿದ್ದರು. ಎರಡನೆಯ ವರ್ಷಕ್ಕೆ ಅವರ ಸಂಖ್ಯೆ ೩೬ಕ್ಕೆ ಇಳಿಯಿತು. ಮೂಲಸಹಿತ ಗುಣಪಡಿಸುವೆವೆಂದು ಜಾತ್ರೆಗಳಲ್ಲಿ ಬೇರು ಮಾರುವವರ ಮಾತಿಗೂ ಈ ಫಲಕ್ಕೂ ಬಹಳ ಅಂತರವಿದೆ.

ಇನ್ನು ನಮ್ಮ ಊಟದ ಪಂಕ್ತಿಗೆ ಬರುತ್ತೇನೆ. ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ತಾಟಿನಲ್ಲಿ ಒಂದಗುಳನ್ನೂ ಬಿಡಬಾರದು, ತಾಟನ್ನು ತೊಳೆದು ಕುಡಿಯಬೇಕು ಎಂಬ ಶಿಸ್ತಿನಲ್ಲಿ ನಾವು ಬೆಳೆದಿದ್ದೇವೆ. ಇದು ಉದಾತ್ತವಾದ ಶಿಸ್ತು. ಆದರೆ ಈ ಶಿಸ್ತಿನ ಅರ್ಧವನ್ನು ಮಾತ್ರ ನಾವು ಉಳಿಸಿಕೊಂಡೆವೋ ಎಂದು ನನಗೆ ಸಂಶಯ. ಉಣ್ಣುವವನು ಬಿಡಬಾರದೆಂಬ ಕಟ್ಟು ಇದ್ದಲ್ಲಿ ಬಡಿಸುವವನು ಕೇಳದೆ ಬಡಿಸಬಾರದೆಂಬ ಕಟ್ಟೂ ಇರಬೇಕಲ್ಲವೆ? ಒಲ್ಲೆ ಒಲ್ಲೆ ಎನ್ನುತ್ತಿದ್ದರೂ ಕೈಯಡ್ಡ ಹಿಡಿದ ಸಂದಿಯಿಂದ ಹುಗ್ಗಿಯ ಸೌಟನ್ನು ಸುರುವಿ, ಅದನ್ನು ಔದಾರ್ಯವೆಂದು ತಿಳಿಯುವ ರೂಢಿ ನಮ್ಮಲ್ಲಿದೆ. ಬಿದ್ದದ್ದನ್ನು ಬಿಡುವಂತಿಲ್ಲ. ಸಕ್ಕರೆ ಏರಿದ ಅರುವತ್ತು ವರ್ಷದ ಮುದುಕನು ಪ್ರಸಾದಭಂಗದ ಭಯದಿಂದ ಅದನ್ನು ಉಂಡು ಮನೆಗೆ ಹೋಗಿ ಒದ್ದಾಡುತ್ತಾನೆ. ಇದರಲ್ಲಿ ಯಾರಿಗೆ ಪುಣ್ಯ?

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಇಲ್ಲಿಯ ಮಕ್ಕಳೂ ಬಲ್ಲರು. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪುಣ್ಯಸ್ತ್ರೀ ಲಕ್ಕಮ್ಮನವರು ಅದನ್ನು ಒಲ್ಲದೆ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಕ್ಕಿ ಕೆಟ್ಟದ್ದೆಂದು ಅವರು ಹೇಳಲಿಲ್ಲ. ನಮ್ಮ ನೇಮಕ್ಕೆ ಇದು ಹೆಚ್ಚೆಂದರು. ವಿದ್ವಾಂಸರು ಈ ಕಥೆಯನ್ನು ಅಪರಿಗ್ರಹದ ದೃಷ್ಟಾಂತವಾಗಿ ವಿವರಿಸುತ್ತಾರೆ, ಸರಿಯೇ. ಮನೆಯ ಅಡಿಗೆಯನ್ನು ಬಲ್ಲ ಗೃಹಿಣಿಯೊಬ್ಬಳು ಅಳತೆಯನ್ನು ಕಾಯ್ದ ಕಥೆಯಾಗಿಯೂ ಅದನ್ನು ಓದಬಹುದೆಂದು ನನಗೆ ತೋರುತ್ತದೆ. ಕಾಯಕದ ವಿಷಯಕ್ಕೂ ಒಂದು ಮಾತು. ಹಗ್ಗ ಹೊಸೆದ ಚಂದಯ್ಯ, ಬಟ್ಟೆ ಒಗೆದ ಮಾಚಯ್ಯ, ಸೌದೆ ಹೊತ್ತ ಮೋಳಿಗೆಯ ಮಾರಯ್ಯ, ದೋಣಿ ನಡೆಸಿದ ಚೌಡಯ್ಯ ಇವರ ಮೈ ದಿನವೂ ಬೆವರುತ್ತಿತ್ತು. ನಮ್ಮಂತೆ ಓಲೆಗರಿಗಳ ಮುಂದೆ ಕೂಡುವವರೂ, ಕಚೇರಿಯಲ್ಲಿ ಅಂಗಡಿಯಲ್ಲಿ ಕೂಡುವವರೂ ಕಾಯಕವನ್ನೇನೋ ಮಾಡುತ್ತೇವೆ. ಕಾಯ ಮಾತ್ರ ಕದಲುವುದಿಲ್ಲ. ಆದರೂ ಉಣ್ಣುವುದು ಸೌದೆ ಹೊತ್ತವರ ಊಟ.

ಧಾನ್ಯದ ವಿಷಯ. ನಮ್ಮ ಸೀಮೆಯಲ್ಲಿ ಜೋಳದ ರೊಟ್ಟಿ, ಸಜ್ಜೆ, ನವಣೆಯ ಅನ್ನ, ಕಾಳಿನ ಪಲ್ಯ, ಪುಂಡಿಪಲ್ಯ, ಹಸಿಯ ಸೊಪ್ಪುಗಳೇ ಊಟವಾಗಿದ್ದು, ಬಿಳಿಯ ಅಕ್ಕಿಯ ಅನ್ನವು ಹಬ್ಬದ ಮಾತಾಗಿತ್ತು. ಈಗ ಅನ್ನವೇ ತಾಟನ್ನು ತುಂಬಿದೆ. ಪಲ್ಯವು ಅಂಚಿಗೆ ಸರಿದಿದೆ. ದೇಶದ ಜನರ ಆಹಾರಶಕ್ತಿಯಲ್ಲಿ ನೂರಕ್ಕೆ ಅರುವತ್ತಕ್ಕೂ ಮಿಕ್ಕು ಭಾಗವು ಧಾನ್ಯಸಕ್ಕರೆಗಳಿಂದಲೇ ಬರುತ್ತದೆಂದು ಸಂಶೋಧಕರು ಕಂಡಿರುವರು. ೨೦೨೩ನ್ನು ಕಿರುಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿದ ಮೇಲೆ ನವಣೆ ಸಾವೆಗಳಿಗೆ ಮತ್ತೆ ಮರ್ಯಾದೆ ಬಂದಿದೆ, ಸಂತೋಷ. ಆದರೆ ನವಣೆಯನ್ನು ಎರಡು ತಾಟು ಉಂಡರೆ ಅದೂ ಸಕ್ಕರೆಯಾಗುವುದು. ತಾಟಿನ ಅರ್ಧ ತರಕಾರಿ ಸೊಪ್ಪು, ಕಾಲುಭಾಗ ಬೇಳೆಕಾಳು, ಕಾಲುಭಾಗ ರೊಟ್ಟಿ ಅಥವಾ ಅನ್ನ ಎಂಬ ಕ್ರಮವೇ ಮುಖ್ಯ. ಸಕ್ಕರೆಯನ್ನು ಬಿಟ್ಟು ಬೆಲ್ಲ ತಿಂದರೆ, ಜೇನು ತಿಂದರೆ ದೋಷವಿಲ್ಲವೆಂಬ ನಂಬಿಕೆಯು ಭಕ್ತರಲ್ಲಿ ಬಲವಾಗಿ ಬೇರೂರಿದೆ. ಅದು ತಪ್ಪು. ರಕ್ತದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಗಣನೀಯವಾದ ಭೇದವಿಲ್ಲ. ಚರಕರೂ ಬೆಲ್ಲವನ್ನು ಹೇತುಗಳಲ್ಲಿಯೇ ಎಣಿಸಿರುವರೆಂದು ಮೊದಲೇ ಹೇಳಿದೆನಷ್ಟೆ.

ಉಪವಾಸದ ವಿಷಯದಲ್ಲಿ ಎಚ್ಚರ ಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರೂ, ಗ್ರಂಥಿಯನ್ನು ಪ್ರಚೋದಿಸುವ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರೂ ಶಿವರಾತ್ರಿಯಲ್ಲಿ ಔಷಧವನ್ನು ಎಂದಿನಂತೆ ತೆಗೆದುಕೊಂಡು ಊಟವನ್ನು ಮಾತ್ರ ಬಿಟ್ಟರೆ ರಕ್ತದ ಸಕ್ಕರೆ ತೀರ ಇಳಿದು, ಬೆವತು, ನಡುಗಿ, ಪ್ರಜ್ಞೆ ತಪ್ಪಬಹುದು. ಅಂಥವರು ವ್ರತಕ್ಕೆ ಮುಂಚೆಯೇ ವೈದ್ಯರನ್ನು ಕೇಳತಕ್ಕದ್ದು. ಜಾಗರಣೆಯಲ್ಲಿ ಯಾರಾದರೂ ಹೀಗೆ ತಲೆತಿರುಗಿ ಕುಳಿತರೆ, ಪ್ರಜ್ಞೆಯಿದ್ದಲ್ಲಿ ಕೂಡಲೇ ಸಕ್ಕರೆಯ ನೀರನ್ನು ಕುಡಿಸಬೇಕು; ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿಗೆ ವ್ರತಭಂಗದ ಚರ್ಚೆ ಬೇಡ.

ಸುಶ್ರುತರು ಬರಿಗಾಲಲ್ಲಿ ನಡೆಯಬೇಕೆಂದರೆಂದು ಹೇಳಿದೆ. ಈ ಒಂದಂಶವನ್ನು ಇಂದು ಅನುಸರಿಸಕೂಡದು. ಬಹುಕಾಲದ ಮಧುಮೇಹಿಯ ಪಾದದಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ; ಮುಳ್ಳು ನಟ್ಟರೂ ತಿಳಿಯದು, ಕಾದ ಕಲ್ಲು ಸುಟ್ಟರೂ ತಿಳಿಯದು. ಯುಗಾದಿಯ ಸುಮಾರಿಗೆ ನಮ್ಮ ಸೀಮೆಯಿಂದ ಶ್ರೀಶೈಲಕ್ಕೆ ಸಾವಿರಾರು ಭಕ್ತರು ಬಿರುಬಿಸಿಲಲ್ಲಿ ನಡೆದುಹೋಗುತ್ತಾರೆ. ಅವರಲ್ಲಿ ಈ ರೋಗವಿದ್ದವರು ಬರಿಗಾಲ ಹರಕೆಯನ್ನು ಹೊರಬಾರದು. ಹೊರಡುವ ಮುನ್ನ ವೈದ್ಯರಿಗೆ ಪಾದ ತೋರಿಸಿ, ಮೆತ್ತನೆಯ ಪಾದರಕ್ಷೆ ಧರಿಸಿ, ರಾತ್ರಿ ತಂಗಿದಲ್ಲಿ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ತಮಗೆ ಬಾಗಲಾಗದಿದ್ದರೆ ಜೊತೆಯವರು ನೋಡಲಿ. ಒಂದು ಸಣ್ಣ ಬೊಬ್ಬೆಯನ್ನು ಅಲಕ್ಷಿಸಿದ್ದರಿಂದ ಕಾಲನ್ನೇ ತೆಗೆಸಬೇಕಾದ ಭಕ್ತರು ನಮ್ಮ ಸೀಮೆಯಲ್ಲಿದ್ದಾರೆ. ಮಠದ ಅಂಗಳದ ಕಲ್ಲುಹಾಸೂ ಚೈತ್ರವೈಶಾಖಗಳಲ್ಲಿ ಹೆಂಚಿನಂತೆ ಕಾಯುತ್ತದೆ. ಅದರ ಮೇಲೆ ಗದ್ದುಗೆಯವರೆಗೆ ನಾರಿನ ಚಾಪೆ ಹಾಸಿ ನೀರು ಚಿಮುಕಿಸುವುದಕ್ಕೆ ಹೆಚ್ಚು ವೆಚ್ಚವಾಗದು.

ಕೊನೆಯದಾಗಿ ಶ್ರೀಮಠದ ಆಡಳಿತಮಂಡಲಿಯ ಮುಂದೆ ಕೆಲವು ಬಿನ್ನಹಗಳನ್ನಿಡುತ್ತೇನೆ. ದಾಸೋಹದ ಪಂಕ್ತಿಯಲ್ಲಿ ಮೊದಲು ಪಲ್ಯ, ಕೋಸಂಬರಿ, ಕಾಳು ಬಡಿಸಿ, ಅವು ಅರ್ಧವಾದ ಮೇಲೆ ರೊಟ್ಟಿ ಅನ್ನಗಳು ಬರಲಿ. ಹೀ ಕ್ರಮದಿಂದ ಉಂಡಾಗ ಸಕ್ಕರೆಯು ರಕ್ತದಲ್ಲಿ ಒಮ್ಮೆಲೇ ಏರುವುದಿಲ್ಲ. ಸಿಹಿಯ ಪ್ರಸಾದವು ಒಂದು ಚಿಟಿಕೆಯಾದರೂ ಪ್ರಸಾದವೇ ಆದುದರಿಂದ, ಹುಗ್ಗಿಯನ್ನು ಸೌಟಿನಿಂದ ಬಡಿಸುವ ಬದಲು ಚಮಚೆಯಿಂದ ಬಡಿಸಿ, ಬೇಡಿದವರಿಗೆ ಮತ್ತೆ ಕೊಡಲಿ. ವಾರದಲ್ಲಿ ಎರಡು ದಿನವಾದರೂ ಅಕ್ಕಿಯ ಬದಲು ನವಣೆ ಅಥವಾ ಜೋಳದ ನುಚ್ಚು ಆಗಲಿ. ಪಾಠಶಾಲೆಯ ವಟುಗಳು ಸಂಜೆ ಒಂದು ತಾಸು ತೋಟದಲ್ಲಿ ಗುದ್ದಲಿ ಹಿಡಿಯುವ ಹಳೆಯ ಪದ್ಧತಿಯನ್ನು ಮರಳಿ ತರಬೇಕು. ಗುರುಗಳೂ ಅವರೊಡನೆ ಇರಲಿ. ಅಮಾವಾಸ್ಯೆಯ ಜನಸಂದಣಿಯ ದಿನ ಆರೋಗ್ಯಕೇಂದ್ರದವರನ್ನು ಕರೆಸಿ, ಮಹಾದ್ವಾರದ ಪಕ್ಕದ ಕಟ್ಟೆಯ ಮೇಲೆ ಸೊಂಟದ ಅಳತೆ, ರಕ್ತದ ಪರೀಕ್ಷೆ ಮಾಡಿಸಲಿ. ದರ್ಶನಕ್ಕೆ ನಿಂತ ಸಾಲು ಹೇಗೂ ಅಲ್ಲಿಂದಲೇ ಹಾಯುತ್ತದೆ. ಬಡಿಸುವ ಸೇವೆಗೆ ನಿಂತವರಿಗೆ ಒಂದೇ ಮಾತನ್ನು ಕಲಿಸಿದರೆ ಸಾಕು: ಬಗ್ಗುವ ಮೊದಲು "ಎಷ್ಟು ನೀಡಲಿ, ಅಪ್ಪಾವ್ರೆ?" ಎಂದು ಕೇಳಲಿ, ಹೇಳಿದಷ್ಟನ್ನೇ ನೀಡಲಿ. ಈ ಮಹೋತ್ಸವದ ಪಂಕ್ತಿಯಿಂದಲೇ ಇದು ಆರಂಭವಾಗಬಹುದು. ಅಡಿಗೆಮನೆಯಲ್ಲಿ ಹುಗ್ಗಿಯ ಕೊಪ್ಪರಿಗೆಯು ಇನ್ನೂ ಒಲೆಯ ಮೇಲಿದೆ, ಸೌಟನ್ನು ಬದಲಿಸಲು ವೇಳೆಯಿದೆ.